ನಮ್ಮ ಮಾವ ಸರ್ಕಾರಕ್ಕೆ ಕೊಟ್ಟ ಕರೆಂಟು

ನಮ್ಮ ಸಣ್ಣ ಮಾವ ಸರ್ಕಾರಕ್ಕೆ ಕರೆಂಟು ಕೊಡುತ್ತಾನೆ. ನೀವು ತಪ್ಪಾಗಿ ಓದಲಿಲ್ಲ. ಇಡೀ ನಾಡಿಗೆ ಸರ್ಕಾರ ಕರೆಂಟು ಕೊಟ್ಟರೆ, ಆ ಸರ್ಕಾರಕ್ಕೆ ಸಗರದ ನಮ್ಮ ಮಾವ ಕೊಡುತ್ತಾನೆ! ಹೀಗೆಂದು ಶಹಾಪುರದ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಅವನೇ ಹೇಳುತ್ತಾನೆ. ಟಿಕೆಟ್ ಕೇಳಲು ಬಂದ ಕಂಡಕ್ಟರಿಗೂ ಹೇಳಿದ್ದಾನೆ. ಕಂಡಕ್ಟರು ಆದರೂ ಟಿಕೆಟ್ ಹರಿದು ಕೊಟ್ಟನಂತೆ.

ಮಾಳಿಗೆ ಮೇಲೆ ಸೋಲಾರ್ ಪ್ಲೇಟು ಹಾಕಿಸಿದರೆ ಸಹಾಯಧನ, ಮನೆಗೆ ಬಳಸಿ ಉಳಿದ ಕರೆಂಟನ್ನು ಸರ್ಕಾರವೇ ಕೊಳ್ಳುತ್ತದೆ ಎಂಬ ಯೋಜನೆ ಬಂತಲ್ಲ, ಅದಕ್ಕೆ ಮಾವನ ಹೆಸರಲ್ಲಿ ಅರ್ಜಿ ಹಾಕಿದ ಪಾಪ ನನ್ನದು. ನಾನು ಯಾದಗಿರಿಯಲ್ಲಿ ವಿಜ್ಞಾನದ ಮಾಸ್ತರ. ಇಪ್ಪತ್ತು ವರ್ಷ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡಿದವನು. ನನಗೆ ಕರೆಂಟು ಗೊತ್ತಿದೆ ಎಂದು ಅಲ್ಲಿಯವರೆಗೆ ನಾನೂ ನಂಬಿದ್ದೆ.

ಅರ್ಜಿಗೆ ಸಹಿ ಹಾಕುವ ಮೊದಲೇ ಮಾವ ಶುರುಮಾಡಿದ.

"ಅಳಿಯಾ, ಮನಿಮನಿಗಿ ಕರೆಂಟ್ ಪುಕ್ಕಟೆ ಕೊಡೋರು ಯಾರು?"

"ಸರಕಾರ, ಮಾಮಾ."

"ನನ್ನ ಕಡಿಂದ ರೊಕ್ಕ ಕೊಟ್ಟು ಕೊಳ್ಳೋರು?"

"ಅದೂ ಸರಕಾರನೇ."

"ಪುಕ್ಕಟೆ ಹಂಚೋ ಮಾಲು ರೊಕ್ಕ ಕೊಟ್ಟು ಯಾಕ ಕೊಳ್ತಾರ?"

ನಾನು ಕನ್ನಡಕ ತೆಗೆದು ಒರೆಸಿದೆ. ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಮಕ್ಕಳಿಗಾದರೆ ಹೇಳಿ ಪಾರಾಗಬಹುದು. ಸೋದರಮಾವನಿಗೆ ಹೇಳಲಾದೀತೇ?

ಪ್ಲೇಟು ಕೂರಿಸಿದ ದಿನ ಪೂಜೆ ಆಗಲೇಬೇಕೆಂದ. ಸಾಲು ಪ್ಲೇಟುಗಳಿಗೆಲ್ಲ ಮೂರು ಮೂರು ಬೆರಳಿನ ವಿಭೂತಿ ಎಳೆದ. ತೆಂಗಿನಕಾಯಿ ಎತ್ತಿ ಪ್ಲೇಟಿನ ಮೇಲೆಯೇ ಒಡೆಯುವವನಿದ್ದ; ಕೂರಿಸಲು ಬಂದಿದ್ದ ಮೆಕ್ಯಾನಿಕ್ ಜಿಗಿದು ಅವನ ಕೈ ಹಿಡಿದ.

"ಅಲ್ಲಿ ಬ್ಯಾಡ ಮುತ್ಯಾ, ಗಾಜು ಅದ. ಆ ಇಭೂತಿನೂ ಒರಸ್ರಿ, ಬಿಸಿಲಿಗಿ ಅಡ್ಡ ಬರ್ತದ."

"ಸೂರ್ಯಗ ಇಭೂತಿ ಅಡ್ಡ ಬರ್ತದೇನೋ?" ಎಂದ ಮಾವ. ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಾವನಿಗೆ ನಿಜವಾದ ಚಿಂತೆ ಹತ್ತಿದ್ದು ಆಮೇಲೆ. ನಮ್ಮ ಕಡೆ ಪಕ್ಕದ ಮನೆಯಿಂದ ಬಟ್ಟಲಲ್ಲಿ ಏನಾದರೂ ಬಂದರೆ, ಆ ಬಟ್ಟಲನ್ನು ಬರಿದಾಗಿ ವಾಪಸ್ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಹಾಗಾಗಿ ಯಾರ ಬಟ್ಟಲು ಯಾರ ಮನೆಯಲ್ಲಿದೆ ಎಂಬುದು ಓಣಿಗೆಲ್ಲ ಗೊತ್ತಿರುತ್ತದೆ. ಮಾವ ಹೊಸ ಮೀಟರಿನ ಮುಂದೆ ಸ್ಟೂಲು ಹಾಕಿ ಕೂತು ಕೇಳಿದ.

"ಹಗಲು ನಾ ಕೊಡ್ತೀನಿ, ಸಂಜಿಗಿ ಅವರು ಕೊಡ್ತಾರ. ನಾ ಕೊಟ್ಟಿದ್ದೇ ವಾಪಸ್ ಬರ್ತದೋ, ಬ್ಯಾರೇದೋ?"

"ಹೇಳಾಕ ಬರಂಗಿಲ್ಲ ಮಾಮಾ. ಎಲ್ಲಾ ಕೂಡಿಬಿಡ್ತದ."

"ಮತ್ತ ನಂದು ಯಾರ ಮನಿಗಿ ಹೋತು?"

ನನಗೇನು ಗೊತ್ತು! ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ಎಂದು ಕಾಗದದ ಮೇಲೆ ಚಿತ್ರ ಬರೆದೆ. ಬಾಣದ ಗುರುತು ಹಾಕುತ್ತಾ ಹೋಗಿ ಕೊನೆಗೆ ಒಂದು ಬಾಣ ಎತ್ತ ಹೋಗಬೇಕೆಂದು ನನಗೇ ತಿಳಿಯದೆ ಅಲ್ಲೇ ಬಿಟ್ಟೆ. ಆ ಹೊತ್ತಿಗೆ ಕಂಬ ಹತ್ತಿ ಇಳಿದಿದ್ದ ಲೈನ್‌ಮನ್ ಚಹಾ ಕುಡಿಯುತ್ತಾ ಒಂದೇ ಮಾತಿನಲ್ಲಿ ಮುಗಿಸಿದ: "ಎಲ್ಲಿಗಿ ಹೋಗ್ತದ ಮುತ್ಯಾ, ಮೊದಲು ಬಾಜೂ ಮನಿಗೇ ಹೋಗ್ತದ." ಮಾವ ಅವನಿಗೆ ಇನ್ನೊಂದು ಕಪ್ ಚಹಾ ಹಾಕಿಸಿದ.

ಮುಂದಿನ ಸಲ ನಾನು ಹೋದದ್ದು ಬೇಸಿಗೆ ರಜೆಯಲ್ಲಿ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ? ಒಳಗೆ ಕಾಲಿಟ್ಟರೆ ಫ್ಯಾನು ನಿಂತಿದೆ. ಮಾವ ಬನಿಯನ್ನಿನಲ್ಲಿ ಬೆವರುತ್ತಾ ಕೂತಿದ್ದಾನೆ. ನನ್ನ ಕೈಗೊಂದು ಬೀಸಣಿಗೆ ಕೊಟ್ಟ.

"ಕರೆಂಟ್ ಹೋಗ್ಯಾದೇನ್ರಿ ಅತ್ತಿ?" ಎಂದು ಅವನ ಹೆಂಡತಿಯನ್ನು ಕೇಳಿದೆ.

"ಹೋಗಿಲ್ಲಪ್ಪಾ, ಕಳಸಾಕತ್ತಾರ," ಎಂದಳು ಅತ್ತೆ. "ಹಗಲು ಫ್ಯಾನ್ ಇಲ್ಲ, ಮಿಕ್ಸರ್ ಇಲ್ಲ. ಹೊತ್ತು ಮುಳುಗಿದ ಮ್ಯಾಲೇ ನಮ್ಮ ಮನ್ಯಾಗ ಚಟ್ನಿ. ಯಾವ ಆಸಿ ಹಿಡದದೋ ಇವರಿಗಿ!"

ನಾನೂ ಆಸೆಯೆಂದೇ ತಿಳಿದೆ. ಕಡಿಮೆ ಬಳಸಿದಷ್ಟೂ ಹೆಚ್ಚು ಮಾರಬಹುದು, ಮಾರಿದಷ್ಟೂ ಲಾಭ ಎಂದು ಯೋಜನೆಯನ್ನು ಅವನಿಗೆ ಬಿಡಿಸಿ ಹೇಳಿದವನೇ ನಾನು. ಸಿಟ್ಟು ಬಂದು ಗದರಿಸಿದೆ. ಮಾವ ನಡುಗೋಡೆಯ ಕಡೆ ಗದ್ದ ಎತ್ತಿದ.

"ಅಣ್ಣಗ ಧಗಿ ತಡಿಯಂಗಿಲ್ಲೋ ಅಳಿಯಾ. ಸಣ್ಣವಿದ್ದಾಗಿಂದ ಮೈತುಂಬಾ ಬೆವರುಸಾಲಿ ಅವಗ. ಬೆನ್ನಿಗಿ ನಾನೇ ಗಂಧ ಹಚ್ಚತಿದ್ದೆ."

ಆ ಗೋಡೆಯಾಚೆ ಇರುವವನು ದೊಡ್ಡ ಮಾವ. ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷ. ಕಾರಣ ಕೇಳಿದರೆ ನಗಬೇಡಿ: ಪಾಲು ಮಾಡುವಾಗ ನಮ್ಮಜ್ಜಿಯ ಬೀಸುವ ಕಲ್ಲು ಯಾರಿಗೆ ಎಂದು ಜಗಳವಾಗಿ, ಮೇಲಿನ ಕಲ್ಲು ಒಂದು ಮನೆಗೆ, ಕೆಳಗಿನದು ಇನ್ನೊಂದು ಮನೆಗೆ ಹೋಯಿತು. ಹನ್ನೊಂದು ವರ್ಷದಿಂದ ಅದರಲ್ಲಿ ಯಾರೂ ಏನೂ ಬೀಸಿಲ್ಲ. ಮನೆ ಮುಂದಿನ ಬೇವಿನ ಕಟ್ಟೆಯೂ ಪಾಲಾಗಿದೆ. ಬೆಳಿಗ್ಗೆ ದೊಡ್ಡ ಮಾವನದು, ಸಂಜೆ ಸಣ್ಣ ಮಾವನದು. ಮಧ್ಯಾಹ್ನ ಓಣಿಯ ನಾಯಿಯದು.

"ನಮ್ಮ ಮನಿ ನೀರು ಮುಟ್ಟಂಗಿಲ್ಲ ಅವ," ಎಂದ ಮಾವ. "ಕರೆಂಟ್ ಮುಟ್ಟತಾನ. ಅವಗೇನು ಗೊತ್ತಾಗತದ? ನೀ ಹೇಳಬ್ಯಾಡ ಮತ್ತ."

ನಾನು ಎದ್ದು ನೇರ ಆಚೆ ಮನೆಗೆ ಹೋಗಿ ಹೇಳಿಬಿಟ್ಟೆ. ತಡೆಯಲಾಗಲಿಲ್ಲ. ದೊಡ್ಡ ಮಾವ ಫ್ಯಾನಿನ ಕೆಳಗೆ ಚಾಪೆ ಹಾಸಿ ಮಲಗಿದ್ದವನು ಎಲ್ಲವನ್ನೂ ಕೇಳಿಸಿಕೊಂಡ. ತಿರುಗುವ ಫ್ಯಾನನ್ನೇ ಬಹಳ ಹೊತ್ತು ನೋಡಿದ. ಎದ್ದು ಹೋಗಿ ಬಟನ್ ಒತ್ತಿ ಆರಿಸಿದ. ಕೆಲಸ ಕೆಟ್ಟಿತು, ಈಗ ಕರೆಂಟೂ ಮುಟ್ಟುವುದಿಲ್ಲ ಎಂದುಕೊಂಡೆ.

"ಅವಗೇನು ಧಗಿ ಆಗಂಗಿಲ್ಲೇನು?" ಎಂದ ದೊಡ್ಡ ಮಾವ. "ಹೋಗು, ಫ್ಯಾನ್ ಹಚ್ಕೋ ಅನ್ನು ಅವಗ."

ಹೋಗಿ ಹೇಳಿದೆ. ಸಣ್ಣ ಮಾವ ಕೇಳಬೇಕಲ್ಲ! ಅಣ್ಣ ಹಚ್ಚುವವರೆಗೆ ತಾನೂ ಹಚ್ಚುವುದಿಲ್ಲವೆಂದ. ಆ ಮನೆಯಿಂದ ಈ ಮನೆಗೆ ಮೂರು ಸಲ ತಿರುಗಿದೆ. ಎರಡೂ ಫ್ಯಾನು ನಿಂತಿವೆ, ಪ್ಲೇಟುಗಳು ಸುಡುಬಿಸಿಲಿನಲ್ಲಿ ದುಡಿಯುತ್ತಿವೆ. ಹಾಗಾದರೆ ಕರೆಂಟು ಈಗ ಎಲ್ಲಿಗೆ ಹೋಗುತ್ತಿದೆ? ವಿಜ್ಞಾನದ ಮಾಸ್ತರನಾಗಿ ನನಗೆ ಈವತ್ತಿಗೂ ತಿಳಿಯದು.

ಎಷ್ಟು ಹೊತ್ತು ಬೆಂದಾರು? ಮೊದಲು ದೊಡ್ಡ ಮಾವ ಟವೆಲು ಹೆಗಲಿಗೆ ಹಾಕಿಕೊಂಡು ಹೊರಬಂದ. ತುಸು ಹೊತ್ತಿಗೆ ಸಣ್ಣ ಮಾವನೂ ಬಂದ. ಇಬ್ಬರೂ ಬೇವಿನ ಕಟ್ಟೆಯ ಎರಡು ತುದಿಗೆ ಕೂತರು. ಯಾರ ಪಾಲಿಗೂ ಇಲ್ಲದ ಹೊತ್ತು ಅದು. ನಾಯಿ ಇಬ್ಬರನ್ನೂ ನೋಡಿ ಎದ್ದು ಹೋಯಿತು.

ದೊಡ್ಡ ಮಾವ ಮಾಳಿಗೆಯ ಕಡೆ ಮುಖ ಮಾಡಿ ಕೇಳಿದ.

"ಇವತ್ತು ಬಿಸಲು ಚೊಲೊ ಅದ. ಎಷ್ಟು ಯೂನಿಟ್ ಆತು?"

ದಿನಕ್ಕೆ ಹತ್ತು ಸಲ ಮೀಟರು ನೋಡುವ ಸಣ್ಣ ಮಾವನಿಗೆ ಅಂಕಿ ನೆನಪಾಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡ. ಬೆವರು ಅಷ್ಟೊಂದಿತ್ತು ಎಂದುಕೊಳ್ಳೋಣ. ನನ್ನ ಕಣ್ಣಲ್ಲಿದ್ದುದಂತೂ ಬೆವರಾಗಿರಲಿಲ್ಲ.

"ನೋಡಿಲ್ಲಣ್ಣಾ," ಎಂದ. "ಬಾ, ಕೂಡೇ ನೋಡೋಣು."