ಗೋಡೆಯಲ್ಲೊಂದು ಬೋಕಾ

ಒಂಟಿಯಾಗಿರುವವನು ಗೋಡೆಯ ಜೊತೆ ಮಾತಾಡುತ್ತಾನೆ ಎನ್ನುತ್ತಾರೆ. ನಾನು ಅಷ್ಟು ದೂರ ಹೋಗಲಿಲ್ಲ. ಗೋಡೆಯ ನೆಪದಲ್ಲಿ ಮಾತಾಡಿದೆ, ಅಷ್ಟೇ. ತೊಂಬತ್ತರ ದಶಕದ ಕೊನೆಗೆ ನನಗೆ ಪುಣೆಗೆ ವರ್ಗವಾಯಿತು. ಹೆಂಡತಿಯ ಶಾಲೆಯ ನೌಕರಿ ಗದಗಿನಲ್ಲಿ, ನನ್ನ ಬಾಡಿಗೆ ಕೋಣೆ ಯೆರವಡಾದಲ್ಲಿ. ಕೋಣೆಯ ಗೋಡೆ ಕರಿಕಲ್ಲಿನದು. ಅಂಗಿ ತೂಗುಹಾಕಲು ಹೊಡೆದ ಮೊಳೆಗಳೆಲ್ಲ ನನಗೇ ಬಾಗಿ ನಮಸ್ಕರಿಸಿದವು.

ಮನೆಯೊಡತಿ ಆಜಿಯ ಬಳಿ ಹೋಗಿ ನನ್ನ ಹರಕುಮುರುಕು ಮರಾಠಿಯಲ್ಲಿ, ಗೋಡೆಗೊಂದು ‘ಬೋಕಾ’ ಬೇಕು ಎಂದೆ. ತೂತಿಗೆ ಮರಾಠಿಯಲ್ಲಿ ‘ಭೋಕ’. ಮಹಾಪ್ರಾಣ ನುಂಗುವುದು, ಕೊನೆಯನ್ನು ಎಳೆಯುವುದು ನನ್ನ ಹುಟ್ಟುಗುಣ. ‘ಬೋಕಾ’ ಎಂದರೆ ಗಂಡುಬೆಕ್ಕು. ಆಜಿ, ಪಾಪ, ಒಬ್ಬನೇ ಇದ್ದಾನೆ ಎಂದು ಮರುಗಿ, ಬೆಕ್ಕು ಹುಡುಕಿಕೊಡುವುದಾಗಿ ಮಾತು ಕೊಟ್ಟರು.

ಇದನ್ನು ಕೇಳಿ ಬೀದಿಯಲ್ಲಿ ನಕ್ಕವನು ಯಲ್ಲಪ್ಪ, ಯಾದಗಿರಿ ಕಡೆಯ ಕಲ್ಲುಕೆಲಸದವನು. “ಕನ್ನಡದಾಗ ಹೇಳ್ರಿ ಸಾಹೇಬ್ರ, ನಾ ತೂತ ಮಾಡ್ತೀನಿ” ಎಂದ. ಎಷ್ಟೋ ತಿಂಗಳ ಮೇಲೆ ಕಿವಿಗೆ ಬಿದ್ದ ಕನ್ನಡ. ಕಣ್ಣು ತುಂಬಿ ಬಂತು. ಭಾನುವಾರ ಕಲ್ಲು ಕೊರೆಯುವ ಮೂರು ಚಾಣ ತಂದು ನೆಲದ ಮೇಲೆ ಹರಡಿದ.

“ಚೂಪು ಮೊನಿ ಈ ಕಲ್ಲಿಗೆ ಬರೇ ಹಿಟ್ಟು ಮಾಡ್ತದ. ಚಪ್ಪಟಿ ಮೊನಿ ಲಗೂ ಕೊರೀತದ, ಆದ್ರ ಏಟಿಗೊಮ್ಮಿ ತಿರುವಲಿಲ್ಲಂದ್ರ ತೂತ ಮೂರ್ ಮೂಲಿ ಆಗ್ತದ. ಲೆಕ್ಕದಾಗ ಕೂಡಿಸೋ ಗುರ್ತಿನಂಗ ನಾಕು ಅಂಚಿಂದು ಭಾಳ ಸಾವಕಾಶ, ಖರೆ ದುಂಡಗ ಬರ್ತದ.”

ಬುದ್ಧಿವಂತನಾದವನು ಕೊನೆಯದನ್ನು ಆರಿಸುತ್ತಿದ್ದ. ನಾನು, “ಮೂರೂ ನೋಡೇಬಿಡೂಣಲ್ಲ?” ಎಂದೆ. ವಾರಕ್ಕೊಂದು ಮೊನೆ. ಅವನು ಬಡಿಯುತ್ತ, ತಿರುವುತ್ತ ಊರ ಸುದ್ದಿ ಹೇಳುತ್ತಿದ್ದ. ನಾನು ಕಲ್ಲಿನ ಪುಡಿ ಊದುತ್ತ ಹೂಂಗುಡುತ್ತಿದ್ದೆ. ನಾಲ್ಕನೆಯ ಭಾನುವಾರ ಇನ್ನೊಂದು ತೂತು ಬೇಕೆಂದಾಗ ಅವನು ಸುತ್ತಿಗೆ ಕೆಳಗಿಟ್ಟ.

“ಇರೋ ಅಂಗಿ ಎರಡು ಸಾಹೇಬ್ರ. ಮಾತಾಡ್ಸಾಕ ಗ್ವಾಡಿ ಯಾಕ ಕೊರಸ್ತೀರಿ? ಚಾಕ್ಕ ಕರೀರಿ, ಬರ್ತೀನಿ.”

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಮುಂದಿನ ವಾರ ಒಗೆದ ಅಂಗಿ ಹಾಕಿಕೊಂಡು ಬರಿಗೈಯಲ್ಲಿ ಬಂದ. ಎದುರುಬದುರು ಕೂತೆವು. ಚಹಾ ಮುಗಿಯಿತು, ಮಾತು ಹುಟ್ಟಲೇ ಇಲ್ಲ. ಅವನು ಗೋಡೆ ನೋಡಿದ. ನಾನೂ ನೋಡಿದೆ.

“ಯಲ್ಲಪ್ಪ, ಆ ಮೂಲ್ಯಾಗ…” ಎಂದೆ.

“ಚಾಣ ಬಾಗಲ ಹೊರಗ ಇಟ್ಟೀನ್ರಿ” ಎಂದು ಅವನು ಎದ್ದ.

ಆಜಿಯ ಬೆಕ್ಕು ಬರಲೇ ಇಲ್ಲ. ನಾನು ಪುಣೆ ಬಿಡುವಾಗ ಗೋಡೆಯಲ್ಲಿ ಹತ್ತೊಂಬತ್ತು ತೂತುಗಳಿದ್ದವು. ಅಂಗಿಗಳು ಎರಡೇ, ಅವೂ ಕುರ್ಚಿಯ ಮೇಲೆ.