ಗೊಂಬೆ ಮೆಟ್ಟಿಲ ಮೇಲೆ ಭೂಮಂಡಲ

ಗೊಂಬೆ ಕೂರಿಸಿದ ಮನೆಯ ಬಾಗಿಲು ಒಂಬತ್ತು ದಿನವೂ ತೆರೆದೇ ಇರುತ್ತದೆ. ಬಾಗಿಲು ತೆರೆದ ಮೇಲೆ ಜನ ಬರುತ್ತಾರೆ, ಜನ ಬಂದ ಮೇಲೆ ಏನಾದರೊಂದು ಆಗಿಯೇ ಆಗುತ್ತದೆ. ಹನುಮಂತನಗರದ ನಮ್ಮ ಮನೆಯಲ್ಲಿ ಪ್ರತಿ ದಸರೆಗೂ ಆಗುತ್ತಲೇ ಬಂದಿದೆ. ಆದರೆ ಈ ಸಲ ಆದಷ್ಟು ಹಿಂದೆ ಯಾವತ್ತೂ ಆಗಿರಲಿಲ್ಲ. ಯಾಕೆಂದರೆ ಈ ಸಲ ಮೆಟ್ಟಿಲ ಮೇಲೆ ಕೂತದ್ದು ಇಡೀ ಪ್ರಪಂಚ.

ನನ್ನ ಮಗಳು ಜಯನಗರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಾಳೆ. "ಅಪ್ಪಾ, ಅಂಕಿ ಹೇಳಿದ್ರೆ ಜನಕ್ಕೆ ನಿದ್ದೆ ಬರುತ್ತೆ. ಅದನ್ನೇ ಕಣ್ಣಿಗೆ ಕಾಣೋ ಹಾಗೆ ಇಟ್ರೆ ನಿಂತು ನೋಡ್ತಾರೆ" ಎನ್ನುವುದು ಅವಳ ಮಾತು. ಪ್ರಪಂಚದಲ್ಲಿ ಯಾರು ಎಷ್ಟಿದ್ದಾರೆ, ಹೇಗೆ ಬಾಳುತ್ತಿದ್ದಾರೆ ಎಂಬುದನ್ನು ಗೊಂಬೆ ಮೆಟ್ಟಿಲ ಮೇಲೆ ತೋರಿಸಬೇಕೆಂದು ಅವಳ ಆಸೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ. ಅಲ್ಲಿ ಪ್ರಪಂಚ ಎಂದರೆ ಗೋಡೆಗೆ ನೇತುಹಾಕಿದ ಬಟ್ಟೆಯ ನಕ್ಷೆ. ಮೇಷ್ಟ್ರ ಬೆತ್ತ ಎಲ್ಲಿ ಬಿತ್ತೋ ಅದೇ ದೇಶ. ಹಾಗಾಗಿ ನಾನು ಕೂಡಲೇ ಒಪ್ಪಿದೆ. ಒಪ್ಪಬೇಕಾದವಳು ನನ್ನ ಹೆಂಡತಿ.

"ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲೇ ಇರ್ಬೇಕು. ಬಂದೋರಿಗೆ ನಿನ್ನ ಪ್ರಪಂಚ ಅರ್ಥ ಆದ್ರೆ ಸರಿ. ತಲೆ ಕೆರ್ಕೊಂಡು ಹೋದ್ರೋ, ಮುಂದಿನ ವರ್ಷದಿಂದ ಯಥಾಪ್ರಕಾರ ನನ್ನ ದಶಾವತಾರ" ಎಂದಳು. ಮಗಳು ಮುಖ ಗಂಭೀರ ಮಾಡಿಕೊಂಡು "ಆಯ್ತಮ್ಮ" ಎಂದಳು. ಕಾಲೇಜಿನ ಪರೀಕ್ಷೆಗೂ ಅವಳು ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ.

ತಕ್ಕಡಿ

ಒಂದು ಕಡಲೆಕಾಳು ಎಂದರೆ ಹತ್ತು ಲಕ್ಷ ಜನ. ಒಂದೊಂದು ಖಂಡಕ್ಕೆ ಒಂದೊಂದು ತಟ್ಟೆ. ಇದು ಮಗಳ ಲೆಕ್ಕ. ನಮ್ಮ ಬಡಾವಣೆಯ ಗುಡ್ಡದ ಮೇಲಿನ ಸ್ವಾಮಿಗೆ ಕೈಮುಗಿದು, ಇಳಿದು ಬರುವಾಗ ದಿನಸಿ ಅಂಗಡಿಗೆ ಹೋದೆ.

"ಒಂದೇ ಸಲಕ್ಕೆ ಇಷ್ಟೊಂದು ಕಡಲೆಕಾಳಾ? ಮನೇಲಿ ಏನು ವಿಶೇಷ ಸಾರ್?" ಎಂದ ಅಂಗಡಿಯವನು.

"ಪ್ರಪಂಚದ ಜನಸಂಖ್ಯೆ ಕಣಪ್ಪಾ."

ಅವನು ತೂಗುವುದನ್ನು ನಿಲ್ಲಿಸಿ, "ಎಲ್ರನ್ನೂ ಕರ್ದಿದೀರಾ?" ಎಂದ.

ಮನೆಗೆ ಬಂದು ನಾನು ಮತ್ತು ಮಗಳು ಅಳೆಯಲು ಕೂತೆವು. ನನ್ನವಳು ಮೊರ ಹಿಡಿದು ಬಂದು, ಅಭ್ಯಾಸಬಲದಿಂದ ಆಫ್ರಿಕಾದ ತಟ್ಟೆ ಎಳೆದುಕೊಂಡು ಹಸನು ಮಾಡತೊಡಗಿದಳು. ಮಗಳು ಕೂಗಿಕೊಂಡಳು: "ಅಮ್ಮಾ, ಎಸೀಬೇಡ! ನಿನ್ನ ಕೈಲಿರೋದು ಹತ್ತು ಲಕ್ಷ ಜನ!"

"ಎಷ್ಟು ಲಕ್ಷ ಆದ್ರೇನೇ? ಹುಳ ಹಿಡಿದಿದ್ರೆ ಆಚೆಗೆ."

ಎದುರುಮನೆಯವರ ದೇಶಭಕ್ತಿ

ಗೇಟಿನ ಮುಂದಿನ ರಂಗೋಲಿಯೂ ಮಗಳದ್ದೇ. ದೇಶಕ್ಕೊಂದು ವೃತ್ತ. ಜನ ಹೆಚ್ಚಿದ್ದರೆ ವೃತ್ತ ದೊಡ್ಡದು. ಸಂಪಾದನೆ ಹೆಚ್ಚಿದ್ದರೆ ಬಲಕ್ಕೆ, ಆಯಸ್ಸು ಹೆಚ್ಚಿದ್ದರೆ ಮೇಲಕ್ಕೆ. ನಮ್ಮ ದೇಶಕ್ಕೆ ಕೇಸರಿ ಬಣ್ಣ ತುಂಬಿ ನಡುವೆ ಕೂರಿಸಿದ್ದಳು. ನಾನು ಹುಟ್ಟಿದ ಕಾಲದಲ್ಲಿ ಅದು ಎಡಗಡೆಯ ಕೆಳಮೂಲೆಯಲ್ಲಿತ್ತಂತೆ. ಅಲ್ಲಿಂದ ಇಲ್ಲಿಯವರೆಗಿನ ದಾರಿಯನ್ನು ಚುಕ್ಕಿಯಿಟ್ಟು ತೋರಿಸಿದ್ದಳು. ನಾನು ಅದನ್ನು ನೋಡುತ್ತಾ ಬಹಳ ಹೊತ್ತು ನಿಂತೆ.

ಮರುದಿನ ಬೆಳಿಗ್ಗೆ ನೋಡಿದರೆ ಭಾರತ ಎಲ್ಲರಿಗಿಂತ ಮೇಲೆ, ಬಲಗಡೆಯ ಮೂಲೆಯಲ್ಲಿ ರಾರಾಜಿಸುತ್ತಿದೆ! ಅದರ ಪಕ್ಕದಲ್ಲೇ ಎದುರುಮನೆಯ ನಿವೃತ್ತ ಅಂಕಲ್ ಬೆರಳಿಗಂಟಿದ ಕೇಸರಿ ಪುಡಿ ಒರೆಸಿಕೊಳ್ಳುತ್ತಾ ನಿಂತಿದ್ದಾರೆ.

"ಸ್ವಲ್ಪ ಅಡ್ಜಸ್ಟ್ ಮಾಡ್ದೆ ಕಣಮ್ಮಾ. ಬೀದಿ ಮರ್ಯಾದೆ ನೋಡು."

"ಅಂಕಲ್, ಅಲ್ಲಿಗೆ ಹೋಗೋಕೆ ಇನ್ನೂ ಎಷ್ಟೋ ವರ್ಷ ಬೇಕು" ಎಂದಳು ಮಗಳು.

"ಅದೇ ನಾನೂ ಹೇಳೋದು. ಅಷ್ಟು ವರ್ಷ ನಾನಿರಲ್ಲ. ಒಂದು ದಿನ ನೋಡ್ಕೊಳ್ತೀನಿ, ಬಿಡು."

ಮಗಳು ಅಳಿಸಲಿಲ್ಲ. ಆ ದಿನವೆಲ್ಲಾ ಭಾರತ ಅಲ್ಲೇ ಇತ್ತು.

ಮಲಗಿದ ಮಕ್ಕಳು

ಕೆಳಗಿನ ಎರಡು ಮೆಟ್ಟಿಲಲ್ಲಿ ಎರಡು ಸಂಸಾರ. ಒಂದು ನಮ್ಮಜ್ಜಿಯ ಕಾಲದ್ದು: ದಂಪತಿ ಗೊಂಬೆ, ಸುತ್ತ ಸಾಲಾಗಿ ಪುಟ್ಟ ಪುಟ್ಟ ಮಕ್ಕಳು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಕ್ಕಳನ್ನು ಮಗಳು ಮಲಗಿಸಿದ್ದಳು. ಆಗೆಲ್ಲಾ ದೊಡ್ಡವಾಗುವ ಮೊದಲೇ ಹೋಗಿಬಿಡುತ್ತಿದ್ದ ಕೂಸುಗಳು ಅವು. ಇನ್ನೊಂದು ಈಗಿನ ಸಂಸಾರ: ಎರಡೇ ಮಕ್ಕಳು, ಎರಡೂ ನಿಂತಿವೆ. "ಪ್ರಪಂಚದ ಎಲ್ಲಾ ಕಡೇನೂ ಕಥೆ ಇದೇ ಅಪ್ಪಾ. ಮಕ್ಕಳು ಉಳಿಯೋಕೆ ಶುರುವಾದ್ಮೇಲೆ ಜನ ಹೆರೋದೂ ಕಮ್ಮಿ ಮಾಡಿದ್ರು" ಎಂದು ಮಗಳು ನನಗೆ ಬಿಡಿಸಿ ಹೇಳಿದ್ದಳು.

ತ್ಯಾಗರಾಜನಗರದಿಂದ ನಮ್ಮ ಬೀಗರ ಮನೆಯ ಅಜ್ಜಿ ಬಂದರು. ಮಗಳು ಕುಂಕುಮದ ಬಟ್ಟಲು ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಅಜ್ಜಿ ಮಂಡಿಯೂರಿ ಕೂತು ಮಲಗಿದ್ದ ಅಷ್ಟೂ ಮಕ್ಕಳನ್ನು ಎತ್ತಿ ನಿಲ್ಲಿಸಿಬಿಟ್ಟಿದ್ದರು.

"ಅಯ್ಯೋ ಅಜ್ಜಿ, ಅವು ಆ ಕಾಲದಲ್ಲಿ ಉಳೀಲಿಲ್ಲ ಅಂತ ತೋರ್ಸೋಕೆ ಮಲಗ್ಸಿದ್ದು!"

ಅಜ್ಜಿ ವಾಲಿದ್ದ ಒಂದು ಕೂಸನ್ನು ನೆಟ್ಟಗೆ ಮಾಡಿದರು. ಅವರು ಹೆತ್ತದ್ದೆಷ್ಟು, ಉಳಿದದ್ದೆಷ್ಟು ಎಂಬುದು ನನಗೆ ಗೊತ್ತು. ಆಮೇಲೆ ಸೆರಗು ಸರಿಮಾಡಿಕೊಂಡು, "ನಿಂಗೆ ಲೆಕ್ಕ ಗೊತ್ತು ಕಣೇ, ನಂಗೆ ಬಾಣಂತನ ಗೊತ್ತು. ನಾನಿರೋವರ್ಗೂ ನಿಂತಿರ್ಲಿ. ನಾನು ಆಟೋ ಹತ್ತಿದ್ಮೇಲೆ ಮಲಗ್ಸ್ಕೋ" ಎಂದರು.

ಏಷ್ಯಾ

ಹಬ್ಬ ಮುಗಿಯುತ್ತಾ ಬಂದಿತ್ತು. ನನ್ನವಳ ಭಜನಾ ಮಂಡಳಿಯವರು ಬರುವ ದಿನ. ಮಗಳಿಗೆ ಇದೇ ಕೊನೆಯ ಪರೀಕ್ಷೆ. ಈ ಹೆಂಗಸರು ಏನನ್ನುತ್ತಾರೋ ಅದೇ ಅವಳಮ್ಮನ ತೀರ್ಪು. ಕಾಲೇಜಿನಿಂದ ಓಡೋಡಿ ಬಂದು ಮೆಟ್ಟಿಲ ಮುಂದೆ ನಿಂತವಳು ಚೀರಿದಳು: "ಅಪ್ಪಾ! ಏಷ್ಯಾ ಎಲ್ಲಿ?"

ಎಲ್ಲಕ್ಕಿಂತ ದೊಡ್ಡ ತಟ್ಟೆ ಖಾಲಿ. ಒಂದು ಕಾಳೂ ಇಲ್ಲ.

ಅಡುಗೆಮನೆಯಿಂದ ನನ್ನವಳು ಶಾಂತವಾಗಿ ಹೇಳಿದಳು: "ಉಸಲಿಗೆ ನೆನೆಹಾಕೋಣ ಅಂತ ನಿನ್ನೆ ಡಬ್ಬ ತೆಗೆದ್ರೆ ತಳ ಕಂಡಿತ್ತು. ನೀವಿಬ್ರೂ ಬನಶಂಕರಿಗೆ ಹೋಗಿದ್ರಿ. ಯಾವ ತಟ್ಟೇಲಿ ಜಾಸ್ತಿ ಇತ್ತೋ ಅದನ್ನ ತಗೊಂಡೆ."

ಮಗಳು ಖಾಲಿ ತಟ್ಟೆ ಹಿಡಿದು ಕುಸಿದು ಕೂತಳು. ಅಷ್ಟರಲ್ಲಿ ಹತ್ತು ಜನ ಹೆಂಗಸರು ಬಂದೇಬಿಟ್ಟರು. ಹಾಡು, ಆರತಿ ಎಲ್ಲ ಆಯಿತು. ಮಂಡಳಿಯ ಹಿರಿಯಾಕೆ ಕನ್ನಡಕ ಏರಿಸಿ ಕೇಳಿದರು: "ಎಲ್ಲಾ ಖಂಡಾನೂ ಇದೆ. ಏಷ್ಯಾ ಎಲ್ರೀ?"

"ಏಷ್ಯಾ ಒಳಗೆ ಒಗ್ಗರಣೆ ಆಗ್ತಿದೆ" ಎಂದಳು ನನ್ನವಳು.

ಮಗಳು ಕಣ್ಣು ಮುಚ್ಚಿಕೊಂಡಳು. ನನ್ನವಳು ಬೋಗುಣಿ ತಂದು ನಡುವೆ ಇಟ್ಟು, ಸೌಟು ಹಿಡಿದು ಪಾಠ ಶುರುಮಾಡಿದಳು. ವಾರವಿಡೀ ಮಗಳು ಬಂದವರಿಗೆ ಹೇಳುತ್ತಿದ್ದುದೆಲ್ಲಾ ಅಡುಗೆಮನೆಯ ಕಿವಿಗೆ ಬಿದ್ದಿತ್ತು ಎಂದು ನನಗೆ ಗೊತ್ತಾದದ್ದೇ ಆಗ.

"ಹತ್ತು ಜನ ಇದ್ದೀರಲ್ಲಾ, ನೀವೇ ಪ್ರಪಂಚ ಅಂದ್ಕೊಳ್ಳಿ. ಗೋಡೆ ಪಕ್ಕ ಕೂತಿರೋ ಆರು ಜನ ಏಷ್ಯಾ. ಇವರಿಬ್ರು ಆಫ್ರಿಕಾ. ನೀವೊಬ್ರು ಯುರೋಪು. ಬಾಗಿಲ ಹತ್ರ ಇರೋ ನೀವು ಎರಡೂ ಅಮೆರಿಕಾ."

"ಎರಡೂ ನಾನೇನಾ? ಹಾಗಿದ್ರೆ ನಂಗೆ ಎರಡು ದೊನ್ನೆ" ಎಂದರು ಬಾಗಿಲ ಹತ್ತಿರದವರು.

"ಆಸ್ಟ್ರೇಲಿಯಾಗೆ ಯಾರೂ ಇಲ್ವೇನ್ರೀ? ನಮ್ಮ ಹುಡುಗಿ ಅಲ್ಲೇ ಇರೋದು!" ಎಂದು ಏಷ್ಯಾದಿಂದ ಒಂದು ದನಿ ಬಂತು.

"ಅಲ್ಲಿ ಜನ ಕಮ್ಮಿ ಕಣ್ರೀ. ಅವಳ ಪಾಲಿಗೆ ಒಂದು ಕಾಳು ಎತ್ತಿಡ್ತೀನಿ."

ಹಿರಿಯಾಕೆ ದೊನ್ನೆ ಕೈಯಲ್ಲಿ ಹಿಡಿದು ಸುತ್ತಲೂ ಎಣಿಸಿ ನೋಡಿದರು. "ಅಂದ್ರೆ ಹತ್ತರಲ್ಲಿ ಆರು ಜನ ನಮ್ ಕಡೆಯೋರೇ! ಇಷ್ಟು ಸುಲಭವಾಗಿ ನಂಗೆ ಯಾರೂ ಹೇಳೇ ಇರ್ಲಿಲ್ಲ. ಯಾರ ತಲೆ ಇದು?"

ನನ್ನವಳು ಸೌಟನ್ನು ಮಗಳ ಕಡೆ ತಿರುಗಿಸಿ, "ಇನ್ಯಾರು? ನನ್ ಮಗಳು" ಎಂದಳು. ಅಷ್ಟು ಹೆಮ್ಮೆಯಿಂದ ಅವಳು ನನ್ನನ್ನು 'ನನ್ ಗಂಡ' ಎಂದು ತೋರಿಸಿದ್ದು ನನಗೆ ನೆನಪಿಲ್ಲ.

ಎಲ್ಲರೂ ತಾಂಬೂಲ ತೆಗೆದುಕೊಂಡು ಹೋದ ಮೇಲೆ ಮಗಳು ಮೆಲ್ಲಗೆ, "ಅಮ್ಮಾ, ಮುಂದಿನ ವರ್ಷ...?" ಎಂದಳು.

ನನ್ನವಳು ಕುಕ್ಕರ್ ತೊಳೆಯುತ್ತಾ, ತಿರುಗಿ ನೋಡದೆ ಹೇಳಿದಳು: "ಇಡು, ಇಡು. ಆದ್ರೆ ಏಷ್ಯಾನ ಹೆಸರುಕಾಳಲ್ಲಿ ಮಾಡೇ. ಇದು ಬೇಯೋಕೆ ಐದು ಕೂಗು ತಗೊಳ್ತು."