ಅಗತ್ಯ ತಿಂದ ಮಕ್ಕಳು

ಮಕ್ಕಳ ಆರೋಗ್ಯ ಸುಧಾರಿಸಲು ಊರಿಗೆ ಏನು ಬೇಕೆಂಬುದನ್ನು ಊರಿನವರೇ ಹೇಳಬೇಕು, ಆದರೆ ಬಾಯಿಂದ ಹೇಳಬಾರದು ಎಂಬುದು ಆರೋಗ್ಯ ಇಲಾಖೆಯ ನಿಯಮ. ಬಾಯಿಂದ ಹೇಳಿದ್ದು ದೂರು. ಚಿತ್ರದ ಮೇಲೆ ಕಡಲೆಬೀಜ ಇಟ್ಟು ಹೇಳಿದ್ದು ಅಗತ್ಯ. ಮೊದಲು ಕಲ್ಲು ಕೊಡುತ್ತಿದ್ದರು. ಒಂದೂರಿನಲ್ಲಿ ಕಲ್ಲುಗಳು ಚಿತ್ರಗಳ ಮೇಲೆ ಬೀಳದೆ ಅಧಿಕಾರಿಗಳ ಮೇಲೆ ಬಿದ್ದದ್ದರಿಂದ ನಿಯಮಕ್ಕೆ ತಿದ್ದುಪಡಿಯಾಯಿತು.

ಜೋರಜ್ಜಿಗೆ ಇದು ಗೊತ್ತಿರಲಿಲ್ಲ. ಊರಿನ ಒಂದೇ ಕೈಪಂಪು ಕೆಟ್ಟಿತ್ತು. ಹೊಂಡದ ನೀರು ಕುಡಿದು ಮೊಮ್ಮಗಳು ಕಡ್ಡಿಯಾಗಿದ್ದಳು. ಅಧಿಕಾರಿಗಳು ಜೀಪಿನಿಂದ ಒಂದು ಕಾಲು ಇಳಿಸುವಷ್ಟರಲ್ಲಿ ಅಜ್ಜಿ ಶುರುಮಾಡಿದಳು.

"ಪಂಪು ರಿಪೇರಿ ಮಾಡಿಸಪ್ಪಾ."

"ಈಗಲೇ ಹೇಳಿಬಿಟ್ರೆ ನಾವು ಪತ್ತೆ ಹಚ್ಚೋದೇನನ್ನ, ಅಜ್ಜಿ?"

ಶಾಲೆಯ ನೆಲದ ಮೇಲೆ ಚಿತ್ರಗಳನ್ನು ಹಾಸಿದರು: ಪಂಪು, ಹಾಲು, ಔಷಧಿ. ಸ್ವಾಗತ ಕಮಾನಿನದೂ ಒಂದಿತ್ತು. ಕಮಾನು ಕಟ್ಟುವ ಗುತ್ತಿಗೆದಾರ ಇಲಾಖೆಯ ನಿರ್ದೇಶಕರ ಭಾವಮೈದನಾದ್ದರಿಂದ ಅದನ್ನು ಗೌರವಪೂರ್ವಕವಾಗಿ ಎತ್ತರದ ಮೇಜಿನ ಮೇಲಿಟ್ಟು, ಅಧಿಕಾರಿಗಳೇ ಮೊದಲ ಬೀಜ ಹಾಕಿದರು.

ಊರಿಗೆ ಊರೇ ಇಲಾಖೆ ಕೊಟ್ಟ ಬೀಜವನ್ನು ಪಂಪಿನ ಮೇಲೆ ಸುರಿಯಿತು; ಹಾಲು, ಔಷಧಿಗೂ ಒಂದಿಷ್ಟು ಬಿತ್ತು. ಅಧಿಕಾರಿಗಳು ಚಹಾ ಕುಡಿದು ಬರುವಷ್ಟರಲ್ಲಿ ಮಕ್ಕಳು ಪಂಪನ್ನು ತಿಂದು ಮುಗಿಸಿದ್ದರು. ಹಾಲನ್ನೂ ಬಿಟ್ಟಿರಲಿಲ್ಲ. ಔಷಧಿಯ ಮೇಲೆ ಒಂದಿಷ್ಟು ಸಿಪ್ಪೆ ಇತ್ತು. ಮೇಜು ಮಾತ್ರ ಅವರಿಗೆ ಎಟುಕಿರಲಿಲ್ಲ.

"ಒಂದು ಬೀಜದ ಬಹುಮತದಿಂದ, ಈ ಊರಿನ ಮಕ್ಕಳ ತುರ್ತು ಅಗತ್ಯ ಸ್ವಾಗತ ಕಮಾನು," ಎಂದು ಅಧಿಕಾರಿಗಳು ಘೋಷಿಸಿದರು.

"ನಿನ್ನ ತಲೆ! ಮಕ್ಕಳು ತಿಂದ್ಬಿಟ್ರಲ್ಲೋ!"

"ತಿಂದ್ರೆ ಅಭಿಪ್ರಾಯ ವಾಪಸ್ ತಗೊಂಡ ಹಾಗೆ ಅಜ್ಜಿ. ನಿಯಮ ಇದೆ."

"ಆ ನಿಯಮಾನ ನೀನು ತಿನ್ನು! ಇನ್ನೊಂದ್ಸಲ ಮಾಡು!"

ಊರಿನವರು ಕೇಳಿದರೆ ಮರುಸಮೀಕ್ಷೆ ಕೊಡಲೇಬೇಕು, ಅದೂ ನಿಯಮ. ಅಜ್ಜಿ ವಾರವಾರವೂ ಕೇಳಿದಳು. ವಾರವಾರವೂ ಮಕ್ಕಳು ಬೀಜ ತಿಂದರು, ಕಮಾನೇ ಗೆದ್ದಿತು. ಅಷ್ಟರಲ್ಲಿ ಮೊಮ್ಮಗಳ ಕೆನ್ನೆ ತುಂಬಿತು. ತೂಕ ನೋಡಿದ ನರ್ಸಮ್ಮ ತಕ್ಕಡಿ ಕೆಟ್ಟಿದೆಯೆಂದು ತಾನೇ ಒಮ್ಮೆ ಹತ್ತಿ ನೋಡಿ, ಬೇಜಾರಿನಿಂದ ಇಳಿದಳು. ಕಮಾನು ಇನ್ನೂ ಕಟ್ಟದೆಯೇ ಮಕ್ಕಳು ಇಷ್ಟು ಚೇತರಿಸಿಕೊಂಡರೆ, ಕಟ್ಟಿದ ಮೇಲೆ ಹೇಗಿರಬಹುದೆಂದು ಇಲಾಖೆ ರೋಮಾಂಚನಗೊಂಡು, ಎಲ್ಲ ಊರುಗಳಿಗೂ ಒಂದೊಂದು ಕಮಾನು ಮಂಜೂರು ಮಾಡಿತು.

ಈ ನಡುವೆ ಯಾರದೋ ಕಣ್ತಪ್ಪಿನಿಂದ ಪಂಪು ಮೆಕ್ಯಾನಿಕ್ ಊರಿಗೆ ಬಂದ. ಸ್ಪಾನರ್ ತೆಗೆಯುವುದರೊಳಗೆ ಜೋರಜ್ಜಿ ಪೊರಕೆ ಹಿಡಿದು ಅಡ್ಡ ನಿಂತಳು.

"ಮುಟ್ಟೀಯ ಜೋಕೆ! ಪಂಪು ಸರಿಹೋದ್ರೆ ನಮಗೆ ಅಗತ್ಯ ಎಲ್ಲುಳಿಯುತ್ತೆ? ಅಗತ್ಯ ಇಲ್ದಿದ್ರೆ ಸಮೀಕ್ಷೆ ಯಾರು ಮಾಡ್ತಾರೆ?"

"ಕುಡಿಯೋ ನೀರಿಗೇನ್ ಮಾಡ್ತೀರಜ್ಜಿ?"

"ಹೊಂಡದ್ದನ್ನೇ ಕಾಯಿಸಿ ಕುಡಿಸ್ತೀನಿ. ಪಂಪು ಹೊಡೆದ್ರೆ ಕಡಲೆಬೀಜ ಬರುತ್ತೇನೋ?"

ಮೆಕ್ಯಾನಿಕ್‌ಗೆ ಮಾತು ನ್ಯಾಯವೆನಿಸಿತು. ಸ್ಪಾನರ್ ಚೀಲಕ್ಕೆ ಹಾಕಿ, ತಗ್ಗಿದ ದನಿಯಲ್ಲಿ ಕೇಳಿದ:

"ನನಗೂ ಎರಡು ಮಕ್ಕಳಿವೆ ಅಜ್ಜಿ, ಬಡಕಲು. ಮುಂದಿನ ಸಮೀಕ್ಷೆಗೆ ಕರ್ಕೊಂಡ್ ಬರ್ಲಾ?"

"ಕರ್ಕೊಂಡ್ ಬಾರಪ್ಪಾ," ಎಂದಳು ಅಜ್ಜಿ. "ನೀನೂ ಪಂಪಿನ ಮೇಲೇ ಹಾಕು. ಮಕ್ಕಳಿಗೆ ಎಟುಕುತ್ತೆ."